ಪರಾಮರ್ಶನಕ್ಕೆ ಮಾತ್ರ

ಹಿತ್ತಾಳೆ ಫಲಕದಲ್ಲಿ ಬೋಜಮ್ಮ ಎಂದು ಕೊರೆಸಿದ್ದಾರೆ.
ಅವಳು ಬೋಜಿ. ಜೇನುಕುರುಬರ ಬೋಜಿ.
ರೇಷನ್ ಕಾರ್ಡಿನಲ್ಲಿ, ಪೊಲೀಸರ ಕಡತದಲ್ಲಿ,
ಲೈನ್‌ಮನೆಯ ಹಾಜರಿ ಪುಸ್ತಕದಲ್ಲಿ, ಎಲ್ಲ ಕಡೆ ಬೋಜಿ.
ಅಮ್ಮ ಅಂಟಿಕೊಂಡದ್ದು ಸತ್ತ ಮೂರು ವರ್ಷಕ್ಕೆ,
ಕುಲಪತಿಗಳು ರಿಬ್ಬನ್ ಕತ್ತರಿಸಿದ ಬುಧವಾರ.

ಅವಳ ಟ್ರಂಕು ತಿತಿಮತಿಯಿಂದ ಜೀಪಿನಲ್ಲಿ ಬಂತು.
ನಾನಿಲ್ಲಿ ಚೀಟಿ ಅಂಟಿಸುವವನು,
ಒಂದೊಂದೇ ತೆಗೆದು ಸಂಖ್ಯೆ ಹಾಕಿದೆ:
ತಹಶೀಲ್ದಾರರಿಗೆ ಅರ್ಜಿ, ಆ ಅರ್ಜಿ ಏನಾಯಿತೆಂದು ಇನ್ನೊಂದು ಅರ್ಜಿ,
'ಪರಿಶೀಲಿಸಲಾಗುವುದು' ಎಂಬ ಮೊಹರು
ಹದಿನೇಳು ಸಲ; ಶಾಯಿ ಮಾತ್ರ ನೇರಳೆಯಿಂದ ನೀಲಿಗೆ.
ಸಿಮೆಂಟ್ ಚೀಲದ ಕಾಗದದ ಮೇಲೆ ಇದ್ದಿಲಿನ ನಕ್ಷೆ:
ಇಲ್ಲಿ ಅಜ್ಜಿಯನ್ನು ಮಣ್ಣು ಮಾಡಿದ್ದು, ಇಲ್ಲಿ ನೂರೆಗೆಣಸು ಅಗೆಯುವ ಇಳಿಜಾರು,
ಹೆಜ್ಜೇನು ಕೂರುವ ನಂದಿಮರ ಮೂರು.
ಆಮೇಲೆ ಒಂದು ಬಾಣ, ಕಾಗದದ ಹೊರಕ್ಕೆ.
ಅಂಚಿನಲ್ಲಿ ಜೇನಿನ ಕಲೆ. ಇನ್ನೂ ಇರುವೆ ಬರುತ್ತವೆ.
ನುಸಿಗುಳಿಗೆ ಇಡಿ, ಎಂದರು ಗ್ರಂಥಪಾಲಕರು.

ಅವಳಿಗೆ ಓದು ಬರುತ್ತಿರಲಿಲ್ಲ.
ಯಾವ ಕಾಗದ ಯಾರದೆಂದು ಮೂಸಿಯೇ ಹೇಳುತ್ತಿದ್ದಳಂತೆ:
ಅರಣ್ಯ ಇಲಾಖೆಯದಕ್ಕೆ ಬೀಡಿ, ಕೋರ್ಟಿನದಕ್ಕೆ ಗೋಂದು.
ಇಪ್ಪತ್ತಾರು ವರ್ಷ ಅವಳು ಕೇಳಿದ್ದು ಒಂದು ಸರ್ವೆ ನಂಬರು.
ನಾವು ಕೊಟ್ಟೆವು. ನಾಲ್ಕು ಸಾವಿರದ ಇನ್ನೂರ ಹನ್ನೊಂದು.
ಗಾಜಿನ ಕಪಾಟು, ಬೀಗದ ಸಮೇತ.
ಇಲ್ಲಿಂದ ಅವಳನ್ನು ಯಾರೂ ಒಕ್ಕಲೆಬ್ಬಿಸರು.

ಸೋಮವಾರ ಮೊಮ್ಮಗಳು ರಂಜಿನಿ ಬಂದಳು, ಎರಡು ಬಸ್ಸು ಬದಲಿಸಿ.
'ಮೌನವಾಗಿರಿ' ಬೋರ್ಡಿನ ಕೆಳಗೆ ಪಿಸುಗುಟ್ಟಿದಳು:
ನಾಡಿದ್ದು ವಿಚಾರಣೆ ಅಣ್ಣ, ಹಾಡಿಯ ಹಕ್ಕುಪತ್ರದ್ದು.
ಅಜ್ಜಿ ಅರ್ಜಿ ಕೊಟ್ಟ ರಸೀದಿ ಬೇಕು.
ಜೆರಾಕ್ಸ್ ನಡೆಯಲ್ಲವಂತೆ. ಅಸಲೇ ಬೇಕಂತೆ.

ನಿಯಮ ನನಗೆ ಬಾಯಿಪಾಠ.
ಪರಾಮರ್ಶನಕ್ಕೆ ಮಾತ್ರ, ಹೊರಗೆ ಒಯ್ಯುವಂತಿಲ್ಲ.
ಹೇಳಿದೆ ಕೂಡ.
ಅವಳು ಜಗಳಕ್ಕೆ ನಿಲ್ಲಲಿಲ್ಲ, ಬೆಂಚಿನ ತುದಿಗೆ ಹೋಗಿ ಕೂತಳು.
ಪೊನ್ನಂಪೇಟೆಯ ಕಚೇರಿಯಲ್ಲಿ ಬೋಜಿಯೂ ಹೀಗೇ ಕೂರುತ್ತಿದ್ದಳಂತೆ,
ಜವಾನ ಫ್ಯಾನು ಆರಿಸುವವರೆಗೆ.

ಐದು ಗಂಟೆಗೆ ಫ್ಯಾನು ಆರಿಸುವವನು ಇಲ್ಲಿ ನಾನೇ.
ಬೀಗದ ಕೈಯೂ ನನ್ನಲ್ಲೇ.

ವಹಿಯಲ್ಲಿ ಬರೆದಿಟ್ಟಿದ್ದೇನೆ, ಯಾರು ಬೇಕಾದರೂ ನೋಡಲಿ:
ಹಾಳೆ, ಒಂದು. ಒಯ್ದವರು, ವಾರಸುದಾರರು.
ಮರಳಿಸಬೇಕಾದ ದಿನದ ಕಲಂ
ಖಾಲಿ ಬಿಟ್ಟಿದ್ದೇನೆ.

ನುಸಿಗುಳಿಗೆ ತರುವುದು ಇವತ್ತೂ ಮರೆಯಿತು.