ಜೋಳದ ಡಬ್ಬಿ

ಗ್ರಿಮ್ಸ್‌ಬಿಯಲ್ಲಿ ಗುರುವಾರ ನನ್ನ ಕ್ಲಿನಿಕ್ಕು.
ಮೇಜಿನ ಮೇಲೆ ಸುತ್ತಿಗೆ, ಶ್ರುತಿಕವೆ, ಹತ್ತಿ, ಗುಂಡುಸೂಜಿ.
ಗಾರುಡಿಗನ ಜೋಳಿಗೆಗೂ
ಇದಕ್ಕಿಂತ ಹೆಚ್ಚು ತೂಕ ಇದ್ದೀತು.

ಮೊದಲು ಮೇವಿಸ್ ಟಿಂಡಲ್.
ನಲವತ್ತು ವರ್ಷ ಟ್ರಾಲರುಗಳಿಗೆ ಬಲೆ ಹೆಣೆದ ಕೈ,
ಈಗ ಚಹಾ ತುಟಿಗೆ ತಲುಪುವುದರೊಳಗೆ
ಅರ್ಧ ಕಾರ್ಡಿಗನ್ನಿಗೆ.
ಕಾಗದ ಕೊಟ್ಟು, ಒಂದು ಸುರುಳಿ ಬರೆಯಿರಿ ಅನ್ನುತ್ತೇನೆ.
ಬರೆಯುತ್ತಾಳೆ. ಅಂಚೆಲ್ಲ ಮುಳ್ಳು ಮುಳ್ಳು,
ಅಪ್ಪಟ ಚಕ್ಕುಲಿ.
ಇಪ್ಪತ್ತು ವರ್ಷದಿಂದ ನಾಲಿಗೆ ತುದಿಯಲ್ಲಿರುವ ಮಾತು,
ಈ ಊರಲ್ಲಿ ಯಾರಿಗೆ ಹೇಳಲಿ?
ಫೈಲಿನ ತುಂಬ ತಾರೀಖು ಹಾಕಿದ ಚಕ್ಕುಲಿ:
ಮಾತ್ರೆ ಹಿಡಿಸಿದ ತಿಂಗಳು ನಯ,
ಹಿಡಿಸದ ತಿಂಗಳು ಪುಡಿಪುಡಿ.

ಆಮೇಲೆ ಕೀತ್ ಬ್ರಾಕಲ್ಸ್‌ಬಿ, ಪಾರಿವಾಳ ಸಾಕುವವನು.
ಷರಟಿನ ಗುಂಡಿ ಹಾಕಲಾಗುತ್ತಿಲ್ಲ ಎಂದು ಬಂದಿದ್ದ.
ತೋಳಿನ ಚರ್ಮದಡಿ ಏನೋ ಮಿಸುಕುತ್ತಿತ್ತು,
ಎಸರು ಕುದಿಗೆ ಬರುವ ಮುಂಚಿನ ಗುಳ್ಳೆಗಳ ಹಾಗೆ.
ನಾಲಿಗೆ ತೋರಿಸಿ ಎಂದೆ. ತೋರಿಸಿದ.
ಅಲ್ಲೂ.
ಸೂಜಿ ಚುಚ್ಚಿ ನೋಡುವ ಪರೀಕ್ಷೆಗೆ ಇನ್ನೂ ಮೂರು ವಾರ.
ಅಷ್ಟು ದಿನವೂ ನನಗೆ ಗೊತ್ತಿದ್ದದ್ದು
ಬಿಸಿ ತುಪ್ಪವಾಗಿ ಬಾಯಲ್ಲೇ ಇತ್ತು.

ಹೇಳುವ ದಿನ ಕುರ್ಚಿಯನ್ನು ಮೇಜಿನ ಆಚೆ ಬದಿಗೆ,
ಅವನೂ ಐರಿಸಳೂ ಕೂತ ಕಡೆಗೆ ಎಳೆದುಕೊಂಡೆ.
ನರ, ಸ್ನಾಯು, ಒಂದೊಂದಾಗಿ... ಎಂದು ಶುರು ಮಾಡಿದ್ದೆ.
ಎಷ್ಟು ವರ್ಷ ಅಂತ ಅವನು ಕೇಳಲಿಲ್ಲ.
‘ಹಕ್ಕಿ ಹಿಡಿಯೋಕೆ ಎಷ್ಟು ಬಲ ಬೇಕು ಡಾಕ್ಟರೇ?
ಬಿಗಿ ಮಾಡಿದ್ರೆ ಸಾಯುತ್ತೆ, ಸಡಿಲ ಬಿಟ್ರೆ ಹಾರಿಹೋಗುತ್ತೆ.’
ನನಗೆ ತಿಳಿಯದು ಅಂದೆ.
ಅವತ್ತು ನಾನಾಡಿದ್ದರಲ್ಲಿ
ಅದೊಂದೇ ಅವನಿಗೆ ನೆನಪಿದೆಯಂತೆ.

ದನಿ ಹೋಗುವ ಮುಂಚೆ ದನಿ ಕೂಡಿಡಲು ಈಗ ಯಂತ್ರವಿದೆ.
ಸ್ಪೀಚ್ ಥೆರಪಿಯ ಹುಡುಗಿ ಪಟ್ಟಿ ಕೊಟ್ಟಳು:
ನೀರು ಬೇಕು. ದಿಂಬು ಸರಿಮಾಡು. ಟೀವಿ ಆರಿಸು.
ಎಲ್ಲ ಓದಿ ಮುಗಿಸಿ, ಗಂಟಲು ಸರಿಮಾಡಿಕೊಂಡು,
ಪಟ್ಟಿಯಲ್ಲಿಲ್ಲದ್ದೊಂದು ತಾನೇ ಸೇರಿಸಿದ,
ಸಂಜೆ ಹಕ್ಕಿಗಳನ್ನು ಗೂಡಿಗೆ ಕರೆಯುವ ಕೂಗು.

ಮರುವರ್ಷದ ಜೂನ್. ಅವರ ಹಿತ್ತಲು.
ಗಾಲಿಕುರ್ಚಿಗೆ ತಡೆ ಹಾಕಿ ಐರಿಸ್ ಗುಂಡಿ ಒತ್ತಿದಳು.
ಅದೇ ದನಿ. ಕೊನೆಯಲ್ಲಿ ಅದೇ ಎಳೆತ.
ಸೂರಿನ ಮೇಲಿದ್ದ ಹನ್ನೊಂದು ಹಕ್ಕಿ
ಕತ್ತು ಓರೆ ಮಾಡಿದವು, ಕದಲಲಿಲ್ಲ.
ಇನ್ನೊಮ್ಮೆ ಒತ್ತಿದಳು.
ಇಲ್ಲ.
ಕೀತನ ಮಾತು ಕೇಳುವುದು ಈಗ ಅವನ ಕಣ್ಣು, ಹುಬ್ಬು ಅಷ್ಟೇ.
ಕಣ್ಣು ಗೂಡಿನ ಪಕ್ಕದ ಹಲಗೆಯತ್ತ ಹೋಯಿತು,
ಅಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ.
ಐರಿಸ್ ಕುಲುಕಿದಳು.
ಜೋಳದ ಕಾಳು ತಗಡಿಗೆ ಬಡಿದದ್ದೇ ತಡ
ಹನ್ನೊಂದೂ ದಬದಬ ಇಳಿದವು.
ಅವನು ನಕ್ಕ. ನಗುವುದಕ್ಕೆ ಬೇಕಾದ ಸ್ನಾಯುಗಳನ್ನು
ಹೆಸರು ಹಿಡಿದು ಕರೆಯಬಲ್ಲವಳು ನಾನು;
ಅರ್ಧಕ್ಕರ್ಧ ಓಗೊಡುತ್ತಿರಲಿಲ್ಲ.
ಆದರೂ ನಕ್ಕ.

ಆ ರಾತ್ರಿ ಅವರ ಡಾಕ್ಟರಿಗೆ ಪತ್ರ ಹೇಳಿ ಬರೆಸಿದೆ:
ನುಂಗುವುದು ಕಷ್ಟ, ತೂಕ ನಾಲ್ಕು ಕಿಲೋ ಇಳಿದಿದೆ,
ಮಲಗಿದಾಗ ಉಸಿರು ಸಾಲದು, ಯಂತ್ರ ಬೇಕು.
ಯಂತ್ರದ ದನಿಗೆ ಹಕ್ಕಿಗಳು ಬರಲಿಲ್ಲ,
ಡಬ್ಬಿಗೆ ಬಂದವು.

ಟೈಪು ಮಾಡುವ ಪಾಲೀನ್ ಫೋನಿನಲ್ಲಿ ಕೇಳಿದಳು,
ಕೊನೆಯ ಸಾಲು ಬಿಡಲಾ ಡಾಕ್ಟರ್?
ಇರಲಿ ಎಂದೆ.