ಮೂರೂವರೆ ಮೀಟರ್

ಲಾರಿ ಎಷ್ಟು, ವೇಗ ಎಷ್ಟು, ಡಾಂಬರು ಹಳತೋ ಹೊಸತೋ,
ಕೇಳಿದ್ದಕ್ಕೆಲ್ಲ ಉತ್ತರ ತುಂಬಿದೆ.
ಪರದೆಯ ಮೇಲೆ ಪೊಜ್ನಾನಿನಾಚೆ
ಹೆದ್ದಾರಿಗಂಟಿದ ಹನ್ನೊಂದು ಮನೆ,
ಕೆಂಡ.

ಗೋಡೆ ಎಬ್ಬಿಸಿದೆ, ಒಂದೇ ಬೆರಳಲ್ಲಿ:
ಎರಡು ಮೀಟರ್, ಮೂರು, ನಾಲ್ಕು.
ಕೆಂಪು ಹಳದಿಗಿಳಿಯಿತು, ಹಳದಿ ಹಸಿರಿಗೆ.
ನಾಳಿನ ಗದ್ದಲ ಇವತ್ತೇ ತಣ್ಣಗೆ.

ಕೊನೆಯ ಮನೆಯ ಬೋಗುಮಿವಾ
ನಕ್ಷೆ ನೋಡಲಿಲ್ಲ.
ಬೇಲಿ ಬದಿಯ ಬೀಟ್‌ರೂಟ್ ಮಡಿಯಲ್ಲಿ ನಿಂತು ಏನೋ ಕೇಳಿದಳು.
ಲಾರಿ ಹಾದುಹೋಗಲೆಂದು ಕಾದು, ಮತ್ತೊಮ್ಮೆ:
"ಗೋಡೆ ಬಂದಮೇಲೆ ಸಂಜೆ ಬಿಸಿಲು ಇಲ್ಲಿ ಎಷ್ಟೊತ್ತು?"

ತಂತ್ರಾಂಶದಲ್ಲಿ ಬಿಸಿಲಿಗೆ ಕಾಲಂ ಇಲ್ಲ.

ರಾತ್ರಿ ಕೂತು ಅರ್ಧ ಮೀಟರ್ ಇಳಿಸಿದೆ.
ಅವಳ ಮನೆ ಮಾತ್ರ ಚೂರು ಹಳದಿಗೆ ತಿರುಗಿತು.
ಇರಲಿ ಎಂದು ಉಳಿಸಿದೆ;
ಕಡತದ ಹೆಸರು, ಬೀಟ್‌ರೂಟ್.