ತಿತಿಮತಿಯಲ್ಲಿ ಎರಡು ನಡೆ

ತಿತಿಮತಿ ಗೇಟಿನ ಶೆಡ್ಡು. ರಾತ್ರಿ ಒಂದೂಮುಕ್ಕಾಲು.
ಕರೆಂಟಿಲ್ಲ; ಮೊಳೆಗೆ ನೇತುಬಿದ್ದ ಟಾರ್ಚು.
ಬೆಂಚಿನ ಮೇಲೆ ಸೀಮೆಸುಣ್ಣದ ಮನೆಗಳು,
ಬೊಳಕ ಇಟ್ಟದ್ದು ಮೂರೇ ಕಾಯಿ:
ಅಂಚಿಗೆ ಆತ ಕರಿರಾಜ, ಮೂಲೆಗೊಂದೇ ಮನೆ ಬಾಕಿ;
ಕುದುರೆಯ ಒಂದು ನೆಗೆತದ ದೂರದಲ್ಲಿ ನಮ್ಮ ಬಿಳಿಯವನು;
ಅವನ ಮುಂದೆ ಕಾಲಾಳು,
ಕೊನೆಯ ಗೆರೆಗೆ ಒಂದು ಹೆಜ್ಜೆ.

"ಎರಡೇ ನಡೆ ಸಾರ್. ಮೂರಾದರೆ ಚಾ ನಿಮ್ಮದು."

ನಕ್ಕೆ. ದೂಡಿದೆ. ರಾಣಿ ಅಂದೆ.
ಬಾಯಿಂದ ಬೀಡಿ ತೆಗೆಯದೆ ಕೇಳಿದ:
"ಕರಿಯ ಈಗ ಎಲ್ಲಿಗೆ ಹೋಗ್ತಾನೆ?"
ಮೇಲೂ ರಾಣಿಯ ಕಣ್ಣು, ಕೆಳಗೂ ರಾಣಿಯ ಕಣ್ಣು,
ಪಕ್ಕಕ್ಕೆ ನಮ್ಮ ರಾಜ.
ಹೊಡೆದವರಿಲ್ಲ, ಹೋಗಲು ಜಾಗವಿಲ್ಲ. ಡ್ರಾ.

ಮೊನ್ನೆ ತೋಟದಲ್ಲಿ ನಾಲ್ಕೂ ಕಡೆ ಪಟಾಕಿ ಹಚ್ಚಿದ್ದೆವು;
ಹಿಂಡು ಕೆರೆಗಿಳಿದು ನಿಂತೇಬಿಟ್ಟಿತು, ಬೆಳಗಿನವರೆಗೆ.

ಕಾಲಾಳನ್ನು ಹಿಂದಕ್ಕೆಳೆದೆ. ಮತ್ತೆ ದೂಡಿ
ಆನೆ ಅಂದೆ, ಮೆಲ್ಲಗೆ.
ಈ ಕೆಲಸದಲ್ಲಿ ಆ ಶಬ್ದ ಕೂಗಿಯೇ ಅಭ್ಯಾಸ.

ಡಬ್ಬಿಯಲ್ಲಿ ಆನೆಯಿಲ್ಲ, ಎಂದೋ ಕಳೆದಿವೆ.
ಬೊಳಕ ಟಾರ್ಚು ಬಿಚ್ಚಿ ಒಂದು ಸೆಲ್ಲು ನಿಲ್ಲಿಸಿದ.
ಬೆಳಕು ಹೋಯಿತು.

ಬೆರಳಲ್ಲೇ ತಡವಿದೆವು.
ಕರಿಯನಿಗೆ ಒಂದೇ ಮನೆ, ಕೆಳಗೆ. ಇಳಿದ.
ಸೆಲ್ಲು ಮೂಲೆಗೆ ಜಾರಿತು, ನೆಟ್ಟಗೆ,
ಕಾಡಿನ ಯಾವ ಆನೆಯೂ ನಡೆಯದಷ್ಟು ನೆಟ್ಟಗೆ.
"ಮುಗೀತು," ಅಂದ ಬೊಳಕ.

ಗೇಟಿನಾಚೆ ಬಿದಿರು
ಒಂದು ಸಲ ಲಟಕ್ಕೆಂದಿತು.
ಬೆಂಚಿನ ಮೇಲೆ
ಸೆಲ್ಲು ಹುಡುಕುವ ನಾಲ್ಕು ಕೈ.